ಹೋಟೆಲಿನ ಚಕ್ರ, ಯಾಮಿನಿಯ ಗಾಡಿ

ಜಯಲತಾಗೆ ಸಿಟ್ಟು ಬಂದರೆ ಬಾಯಿಗೆ ಬೀಗ ಬೀಳುತ್ತದೆ, ಕೈ ಮಾತ್ರ ಓಡುತ್ತದೆ. ಆ ಸಂಜೆ ಅವಳು ಎರಡು ಕಿಲೋ ಬೀನ್ಸು ಹೆಚ್ಚಿ ಗುಡ್ಡೆ ಹಾಕಿದ್ದಳು. ಮನೆಯಲ್ಲಿ ಉಣ್ಣುವವರು ಗಂಡ ಹೆಂಡತಿ ಇಬ್ಬರೇ. ಕಲ್ಯಾಣದ ಹೋಟೆಲಿನಿಂದ ಬಂದ ಧರ್ಮಪಾಲ ಚಪ್ಪಲಿ ಬಿಡುವಾಗಲೇ ಆ ಗುಡ್ಡೆಯನ್ನು ನೋಡಿ ಪರಿಸ್ಥಿತಿ ಅರ್ಥ ಮಾಡಿಕೊಂಡ.

"ಯಾರ ಮೇಲೆ ಮಾರಾಯ್ತಿ?" ಎಂದು ಕೇಳಿದ.

"ಯಾರ ಮೇಲೂ ಅಲ್ಲ. ಆ ಕಿಟಕಿ ಮೇಲೆ."

ಕಿಟಕಿಯ ಕತೆ ಹೀಗೆ. ಡೊಂಬಿವಲಿ ಪೂರ್ವದ ಆ ಸೊಸೈಟಿಯ ಗ್ರೌಂಡ್ ಫ್ಲೋರಿನ ಮನೆಯಲ್ಲಿ ಜಯಲತಾ ಎಷ್ಟೋ ವರ್ಷಗಳಿಂದ ಪಾಳಣಾಘರ್ ನಡೆಸುತ್ತಿದ್ದಳು. ಬೆಳಿಗ್ಗೆ ಲೋಕಲ್ ಹಿಡಿಯಲು ಓಡುವ ಅಪ್ಪ ಅಮ್ಮಂದಿರು ಮಕ್ಕಳನ್ನು ಅವಳ ಕೈಗೆ ಕೊಟ್ಟು ಹೋದರೆ ಮತ್ತೆ ಮುಖ ತೋರಿಸುವುದು ದೀಪ ಹಚ್ಚಿದ ಮೇಲೆಯೇ. ದಿನವಿಡೀ ಮಕ್ಕಳು ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡರೂ ಅವಳು ಸಹಿಸುತ್ತಿದ್ದಳು. ಸಂಜೆಯಾದರೆ ಮಾತ್ರ ಎಲ್ಲರೂ ಗಾರ್ಡನ್ನಿಗೆ ಹೊರಡಲೇಬೇಕು. ಮಳೆ ಬಂದರೆ ಕೊಡೆ, ಶೀತವಾದರೆ ಟೋಪಿ, ಮನೆಯಲ್ಲಿ ಉಳಿಯುವ ಮಾತೇ ಇಲ್ಲ. ಅವಳ ಪಾಳಣಾಘರಿಗೆ ಇದ್ದ ಕಾನೂನು ಅದೊಂದೇ.

ಆ ಕಾನೂನು ಈಗ ಯಾಮಿನಿಯ ಮುಂದೆ ಬಂದು ನಿಂತುಬಿಟ್ಟಿತ್ತು. ಐದು ವರ್ಷದ ಈ ಹುಡುಗಿಯ ತೊಡೆಮೂಳೆಯ ತುದಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದು ಥಾಣೆಯ ಡಾಕ್ಟರು ಹೇಳಿದ್ದರು. ಹೆದರಬೇಡಿ, ಮೂಳೆ ನಿಧಾನಕ್ಕೆ ಬೆಳೆದು ಸರಿಯಾಗುತ್ತದೆ, ಆದರೆ ವರ್ಷದ ಮಟ್ಟಿಗೆ ಕಾಲಿನ ಮೇಲೆ ಭಾರ ಬೀಳಕೂಡದು ಎಂದು ಎರಡೂ ಕಾಲುಗಳನ್ನು ಅಗಲಿಸಿ ಹಿಡಿದಿಡುವ ಗಟ್ಟಿ ಪಟ್ಟಿಯೊಂದನ್ನು ತೊಡಿಸಿ ಕಳುಹಿಸಿದ್ದರು. ಹಾಗೆ ಕಾಲು ಅಗಲಿಸಿ ಕೂತ ಮಗು ಅಂಗಡಿಯ ಯಾವ ತಳ್ಳುಗಾಡಿಯಲ್ಲೂ ಹಿಡಿಸುವುದಿಲ್ಲ. ಎತ್ತಿಕೊಂಡೇ ಹೋಗೋಣವೆಂದರೆ ಜಯಲತಾಳ ಸೊಂಟ ಕೇಳಬೇಕಲ್ಲ. ಹಾಗಾಗಿ ಉಳಿದವರೆಲ್ಲ ಗಾರ್ಡನ್ನಿಗೆ ಹೊರಟಾಗ ಯಾಮಿನಿ ಮನೆಗೆಲಸದ ಗಂಗಾಳ ಜೊತೆ ಕಿಟಕಿಯ ಗ್ರಿಲ್ಲಿನ ಹಿಂದೆ ಉಳಿಯುತ್ತಿದ್ದಳು. ಮೊದಮೊದಲು ಅತ್ತಳು. ಈಗ ಅಳುವುದನ್ನೂ ಬಿಟ್ಟು, "ಆಂಟಿ, ತುಮ್ ಲೋಗ್ ಜಾವ್," ಎಂದು ದೊಡ್ಡ ಹೆಂಗಸಿನ ಹಾಗೆ ಕೈ ಬೀಸಿ ಎಲ್ಲರನ್ನೂ ಕಳುಹಿಸಿಕೊಡತೊಡಗಿದ್ದಳು. ಆ ದೊಡ್ಡತನ ಕಂಡೇ ಜಯಲತಾಳ ಕರುಳು ಚುರುಕ್ಕೆಂದದ್ದು.

ಸಾಲದ್ದಕ್ಕೆ ಅವತ್ತು ಯಾಮಿನಿಯ ಅಮ್ಮ ನಳಿನಿ ಇನ್ನೊಂದು ಸುದ್ದಿ ಹೇಳಿ ಹೋಗಿದ್ದಳು. ನಳಿನಿ ಮೈಸೂರಿನವಳು. ಥಾಣೆಯಲ್ಲಿ ಗಾಡಿ ಬದಲಿಸಿ ವಾಶಿಯ ಬ್ಯಾಂಕಿಗೆ ಹೋಗಿಬರುತ್ತಿದ್ದಳು. ಗಂಡ ಶ್ರೀನಿಗೆ ಐರೋಲಿಯ ಕಂಪನಿಯಲ್ಲಿ ಸೆಕೆಂಡ್ ಶಿಫ್ಟು.

"ದಸರೆಗೆ ನಮ್ಮಮ್ಮ ಬರ್ತಾರೆ ಜಯಕ್ಕ. ಇವಳನ್ನ ಮೈಸೂರಿಗೆ ಕರ್ಕೊಂಡು ಹೋಗ್ತಾರೆ. ಇಲ್ಲಿ ಕಿಟಕೀಲಿ ಕೂತಿರೋದಕ್ಕಿಂತ ಅಲ್ಲಿ ಅಜ್ಜಿ ತಾತನ ಜೊತೆ ಇರ್ಲಿ. ಒಂದು ವರ್ಷ ತಾನೆ, ನೋಡ್ತಾ ನೋಡ್ತಾ ಕಳೆದುಹೋಗುತ್ತೆ," ಎಂದು ಹೇಳುವಾಗ ಅವಳು ಜಯಲತಾಳ ಮುಖ ನೋಡಲಿಲ್ಲ. ಮಗಳ ಚೀಲದ ಜಿಪ್ಪನ್ನು ಹಾಕುತ್ತ, ತೆಗೆಯುತ್ತ ನಿಂತಿದ್ದಳು. ಕಳೆದುಹೋಗುವ ವರ್ಷ ಯಾರದು ಎಂದು ಆ ಜಿಪ್ಪು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಇಷ್ಟನ್ನೂ ಗಂಡನಿಗೆ ಹೇಳಿ ಮುಗಿಸಿ ಜಯಲತಾ ಚಾಕು ಕೆಳಗಿಟ್ಟಳು. "ಅವಳಿಗೆ ಒಂದು ಗಾಡಿ ಆಗ್ಬೇಕು. ಅಗಲದ್ದು, ಗಟ್ಟಿದು, ಎಳ್ಕೊಂಡು ಹೋಗುವಂಥದ್ದು. ಮತ್ತೆ ಅದು ಆಸ್ಪತ್ರೆ ಗಾಡಿ ಹಾಗೆ ಕಾಣ್ಲಿಕ್ಕಿಲ್ಲ. ಬಾಕಿ ಮಕ್ಕಳು ನಂಗೆ ನಂಗೆ ಅಂತ ಜಗಳ ಆಡ್ಬೇಕು, ಅಂಥ ಆಟದ ಗಾಡಿ."

"ಅಷ್ಟೇಯಾ? ಚಕ್ರದ ವಿಷಯ ನನಗೆ ಬಿಡು," ಎಂದ ಧರ್ಮಪಾಲ.

ಎಡವಟ್ಟಾದದ್ದು ಇಲ್ಲಿಯೇ. ಧರ್ಮಪಾಲ ಉಡುಪಿಯ ಕಡೆಯಿಂದ ಬಂದು ಹೋಟೆಲಿನಲ್ಲೇ ಕೂದಲು ನರೆಸಿಕೊಂಡವ. ಅವನ ಮಟ್ಟಿಗೆ ಲೋಕದ ಅತ್ಯುತ್ತಮ ವಾಹನವೆಂದರೆ ಎಂಜಲು ತಟ್ಟೆ ಲೋಟ ಹೊತ್ತೊಯ್ಯುವ ಟ್ರಾಲಿ. ಅದರ ನಾಲ್ಕೂ ಚಕ್ರ ಬೇಕಾದತ್ತ ತಿರುಗುತ್ತವೆ. ಟೇಬಲ್ಲುಗಳ ಸಂದಿಯಲ್ಲಿ ಹಿಂದಕ್ಕೆ, ಮುಂದಕ್ಕೆ, ಅಡ್ಡಕ್ಕೆ, ಹೇಗೆ ನೂಕಿದರೂ ಗಿರಾಕಿಯ ಮೊಣಕೈಗೆ ತಾಗದೆ ಜಾರುತ್ತದೆ. ಅಂಥದೊಂದು ಹಳೆಯ ಟ್ರಾಲಿಯ ಚಕ್ರಗಳನ್ನು ಬಿಚ್ಚಿ ಮನೆಗೆ ತಂದ. ಜಯಲತಾ ಯಾಮಿನಿಯನ್ನು ಪೇಪರಿನ ಮೇಲೆ ಕೂರಿಸಿ, ಅಗಲಿಸಿದ ಕಾಲುಗಳ ಸುತ್ತ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ಅಳತೆ ತೆಗೆದಳು. ಕಚಗುಳಿಯಾಗಿ ಹುಡುಗಿ ಕಿಲಕಿಲ ನಕ್ಕಳು. ಬಡಗಿಯಿಂದ ದಪ್ಪ ಪ್ಲೈವುಡ್ಡನ್ನು ಗೆರೆಗಿಂತ ನಾಲ್ಕು ಬೆರಳು ಜಾಸ್ತಿಯೇ ಕೊಯ್ಯಿಸಿ, ಸುತ್ತ ಗೇಣೆತ್ತರದ ಅಂಚು ಹೊಡೆಸಿ, ಮುಂದೆ ಹಗ್ಗ ಕಟ್ಟಿದ್ದಾಯಿತು.

ಪರೀಕ್ಷೆ ಮನೆಯೊಳಗಿನ ಟೈಲ್ಸಿನ ಮೇಲೆಯೇ ನಡೆಯಿತು. ಅಕ್ಕಿಮೂಟೆ ಹೇರಿ ಎಳೆದರೆ ಗಾಡಿ ಸದ್ದಿಲ್ಲದೆ ಓಡಿತು, ಸೋಫಾವನ್ನು ಬಳಸಿಕೊಂಡು ಅಡ್ಡಕ್ಕೂ ಹೋಯಿತು. ಧರ್ಮಪಾಲ ಬನಿಯನ್ನಿನೊಳಗೇ ಉಬ್ಬಿದ. ಆಮೇಲೆ ತಪ್ಪನ್ನೆಲ್ಲ ಗಂಡನ ತಲೆಗೆ ಕಟ್ಟಿದಳಾದರೂ, ಅವತ್ತು ಜಯಲತಾಳೂ ಭೇಷ್ ಎಂದಿದ್ದಳು ಎನ್ನುವುದನ್ನು ಹೇಳಲೇಬೇಕು.

ಮರುದಿನ ಸಂಜೆ ಯಾಮಿನಿ ಗಾಡಿಯಲ್ಲಿ ಕೂತು ಗಾರ್ಡನ್ನಿಗೆ ಹೊರಟಳು. ಸೊಸೈಟಿಯ ಗೇಟಿನಿಂದ ರಸ್ತೆಗೆ ಒಂದು ಇಳಿಜಾರು, ಅದರ ಪಕ್ಕದಲ್ಲೇ ಗಟಾರ. ಇಳಿಜಾರು ಶುರುವಾದದ್ದೇ ಗಾಡಿಯ ಹಿಂಬದಿ ತನ್ನ ಪಾಡಿಗೆ ತಾನು ಪಕ್ಕಕ್ಕೆ ಹೊರಟಿತು. ಜಯಲತಾ ಹಗ್ಗ ಜಗ್ಗಿದಳು. ಹಗ್ಗದಿಂದ ಎಳೆಯಬಹುದು, ತಡೆಯಲಾದೀತೇ? ಗಾಡಿ ಅಡ್ಡಡ್ಡ ಜಾರಿ ಗಟಾರದ ಕಲ್ಲಿಗೆ ಬಡಿದು ವಾಲಿ ನಿಂತಿತು. ಅಂಚು ಎತ್ತರವಿದ್ದುದರಿಂದ ಮಗು ಹೊರಗೆ ಬೀಳಲಿಲ್ಲ. ಕಾಲಿನ ಪಟ್ಟಿಗೂ ಏನೂ ಆಗಿರಲಿಲ್ಲ, ಮೊಣಕೈ ಮಾತ್ರ ತರಚಿತ್ತು.

ಮಗಳನ್ನು ಕರೆದೊಯ್ಯಲು ಬಂದ ನಳಿನಿ ಕೂಗಾಡಲಿಲ್ಲ. ಕೆಲವರ ಸಿಟ್ಟು ಹಾಗೆ, ದನಿ ತಗ್ಗಿದಷ್ಟೂ ಖಾರ ಹೆಚ್ಚು. ಮಗಳ ಮೊಣಕೈಯನ್ನು ಬೆಳಕಿಗೆ ಹಿಡಿದು ನೋಡಿ, "ನಿಮ್ಮ ಮನಸ್ಸು ಒಳ್ಳೇದು ಅಂತ ನಂಗೊತ್ತು ಜಯಕ್ಕ. ಆದ್ರೆ ಇನ್ಮೇಲೆ ಇವಳನ್ನ ಯಾವ ಗಾಡೀಲೂ ಕೂರಿಸ್ಬೇಡಿ. ದಸರೆವರೆಗೆ ಹೇಗೋ ನೋಡ್ಕೊಳ್ಳಿ, ಸಾಕು," ಎಂದಳು. ಮಗಳನ್ನು ಎತ್ತಿಕೊಂಡು, ಆ ಅಗಲದ ಕಾಲುಗಳು ಬಾಗಿಲಿಗೆ ತಾಗದಂತೆ ಓರೆಯಾಗಿ ಹೊರಗೆ ಹೋದಳು.

ಸುದ್ದಿ ಕೇಳಿದ ಧರ್ಮಪಾಲ, "ಗಾಡಿಯದ್ದು ತಪ್ಪಲ್ಲ. ಆ ರಸ್ತೆಯೇ ಸರಿ ಇಲ್ಲ," ಎಂದ.

"ಹೌದೌದು. ಕುಣೀಲಿಕ್ಕೆ ಬಾರದವಳಿಗೆ ನೆಲ ಡೊಂಕು," ಎಂದವಳೇ ಜಯಲತಾ ಬಾಯಿ ಮುಚ್ಚಿದಳು. ಆ ವಾರ ಅವರ ಮನೆಯಲ್ಲಿ ಹೆಚ್ಚದೆ ಉಳಿದ ತರಕಾರಿ ಇರಲಿಲ್ಲ.

ತರಚಿದ ಮೊಣಕೈ ಅವಳ ಕಣ್ಣಿಗೆ ಕಟ್ಟಿತ್ತು. ತನ್ನಿಂದಲೇ ಮಗು ಊರು ಬಿಡುವ ಹಾಗಾಯಿತು ಎಂದು ಒಳಗೊಳಗೇ ಬೇಯುತ್ತಿದ್ದಳು. ಹೀಗಿರುವಾಗ ಒಂದು ಮಧ್ಯಾಹ್ನ ಮಕ್ಕಳು ಮೂರು ಚಕ್ರದ ಸೈಕಲ್ಲಿಗಾಗಿ ಕಿತ್ತಾಡುತ್ತಿದ್ದಾಗ ಅದನ್ನು ಕಸಿದುಕೊಂಡು ಅಟ್ಟಕ್ಕೆ ಹಾಕಲು ಎತ್ತಿದಳು. ಎತ್ತಿದವಳು ಹಾಗೆಯೇ ನಿಂತಳು. ಮುಂದಿನ ಚಕ್ರ ಆಚೆ ಈಚೆ ತಿರುಗುತ್ತಿತ್ತು. ಹಿಂದಿನವೆರಡೂ ಬಿಗಿಯಾಗಿ ನೇರಕ್ಕೆ ನಿಂತಿದ್ದವು. ಮುಂದಿನದು ದಾರಿ ಹುಡುಕಬೇಕು, ಹಿಂದಿನದು ಸುಮ್ಮನೆ ಅದರ ಬೆನ್ನು ಹಿಡಿಯಬೇಕು. ಎಲ್ಲರೂ ಯಜಮಾನರಾದರೆ ಮನೆ ಗಟಾರಕ್ಕೇ ಹೋಗುತ್ತದೆ.

"ಮೂರು ವರ್ಷದ ಪೋರ ಓಡಿಸುವ ಸೈಕಲಿಗೆ ಇರುವ ಬುದ್ಧಿ ನಮಗಿಬ್ಬರಿಗೂ ಇಲ್ಲ ಮಾರಾಯ್ರೆ!" ಎಂದು ಹೋಟೆಲಿಗೆ ಫೋನ್ ಮಾಡಿ ಹೇಳಿದಳು. "ನಿಮ್ಮ ಟ್ರಾಲಿಗೆ ಇಳಿಜಾರು ಗೊತ್ತಿಲ್ಲ. ಅದು ಹುಟ್ಟಿದ್ದು ಟೈಲ್ಸಿನ ಮೇಲೆ, ಸಾಯುವುದೂ ಟೈಲ್ಸಿನ ಮೇಲೆ."

ಆಚೆಯಿಂದ ತಟ್ಟೆಗಳ ಸದ್ದಿನ ನಡುವೆ ಧರ್ಮಪಾಲ ಮೆತ್ತಗೆ, "ಹಾಗಾದ್ರೆ ಈಗ ಎಂತ ತರ್ಬೇಕು?" ಎಂದ. ಗಂಡಸು ಸೋಲನ್ನು ಒಪ್ಪಿಕೊಳ್ಳುವ ರೀತಿಗಳಲ್ಲಿ ಇದು ಒಳ್ಳೆಯದು.

ಇಬ್ಬರೂ ಉಲ್ಹಾಸನಗರಕ್ಕೆ ಹೋಗಿ ಅಂಗಡಿ ಅಂಗಡಿ ಅಲೆದು ದಪ್ಪ ರಬ್ಬರಿನ ದೊಡ್ಡ ಚಕ್ರಗಳನ್ನು ತಂದರು. ಹಿಂದಿನ ಎರಡನ್ನು ಒಂದೇ ಕಬ್ಬಿಣದ ಸರಳಿಗೆ ಹಾಕಿ, ಸರಳನ್ನು ಹಲಗೆಗೆ ಅಲ್ಲಾಡದಂತೆ ಬಿಗಿಸಿದರು. ಮುಂದಿನ ಎರಡನ್ನು ಬೇರೆ ಮರದ ತೊಲೆಗೆ ಹಾಕಿ, ನಡುವೆ ಒಂದೇ ದಪ್ಪ ಬೋಲ್ಟಿನಿಂದ ಹಲಗೆಯ ಅಡಿಗೆ ಸೇರಿಸಿದರು. ಮರಕ್ಕೆ ಮರ ಉಜ್ಜಿ ತಿರುಗಲು ತಿಣುಕುತ್ತದೆಂದು ಧರ್ಮಪಾಲ ಹೋಟೆಲಿನಿಂದ ಎರಡು ಸ್ಟೀಲಿನ ಚಪ್ಪಟೆ ತಟ್ಟೆ ತಂದ. ನಡುವೆ ತೂತು ಕೊರೆಸಿ, ಗ್ರೀಸು ಬಳಿದು, ಒಂದರ ಮೇಲೊಂದು ಕೂರಿಸಿದ ಮೇಲೆ ತೊಲೆ ಬೆರಳಿನಲ್ಲಿ ಮುಟ್ಟಿದರೆ ತಿರುಗುತ್ತಿತ್ತು. ಹಗ್ಗದ ಬದಲು ಆ ತೊಲೆಗೇ ಕಬ್ಬಿಣದ ಹಿಡಿಕೆ ಬಂತು. ಎಳೆಯುವವರು ಇಳಿಜಾರಿನಲ್ಲಿ ಅದನ್ನೇ ಒತ್ತಿ ತಡೆಯಬಹುದು. ಹಿಂದಕ್ಕೆ ಮಡಚಿದರೆ ಕೂತವರ ಕೈಗೇ ಬರುತ್ತದೆ.

ಈ ಸಲ ಪರೀಕ್ಷೆ ಗೇಟಿನ ಇಳಿಜಾರಿನಲ್ಲಿ. ನೇರಕ್ಕೆ ಚೆನ್ನಾಗಿಯೇ ಇಳಿಯಿತು. ಗಕ್ಕನೆ ತಿರುಗಿಸಿದಾಗ ಮುಂದಿನ ಚಕ್ರ ಹಲಗೆಯಡಿ ಪೂರ್ತಿ ಅಡ್ಡವಾಗಿ, ಅಕ್ಕಿಮೂಟೆ ಬುಡಮೇಲಾಯಿತು. ಗಂಗಾ ಗೊಣಗುತ್ತ ಅಕ್ಕಿ ಬಳಿದಳು. ಜಯಲತಾಗೆ ಈ ಸಲ ಸಿಟ್ಟು ಬರಲಿಲ್ಲ. ಎಷ್ಟು ತಿರುಗಿದರೆ ಸಾಕೋ ಅಷ್ಟಕ್ಕೆ ತೊಲೆಯನ್ನು ತಡೆಯುವಂತೆ ಹಲಗೆಯ ಅಡಿಗೆ ಎರಡು ಮರದ ತುಂಡು ಹೊಡೆದಳು. ಆಮೇಲೆ ಏನು ಮಾಡಿದರೂ ಮೂಟೆ ಬೀಳಲಿಲ್ಲ. ಕೊನೆಗೆ ಗಾಡಿಗೆ ಹಳದಿ ಬಣ್ಣ ಬಳಿದು ಬದಿಗೊಂದು ಸೈಕಲ್ ಗಂಟೆ ಹಾಕಿದಳು. ಬಣ್ಣ ಒಣಗುವ ಮೊದಲೇ ಮಕ್ಕಳಲ್ಲಿ ಜಗಳ ಶುರುವಾಯಿತು. "ಪೆಹಲೆ ಮೇರಾ ನಂಬರ್!" ಎಂದು ಕಿರಿಚಿದ ಕೌಶಲನ ಅಂಗಿಯೂ ಹಳದಿಯಾಯಿತು. ಯಾಮಿನಿ ಚಾಪೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ತನ್ನ ನಂಬರು ಯಾವಾಗ ಎಂದು ಕೇಳಲಿಲ್ಲ.

ಆ ಶನಿವಾರ ನಳಿನಿಗೆ ಬ್ಯಾಂಕಿನಲ್ಲಿ ಅರ್ಧ ದಿನ ರಜೆ. ಮಗಳನ್ನು ಕರೆದೊಯ್ಯಲು ಬೆಳಕಿದ್ದಾಗಲೇ ಬಂದ ನಳಿನಿ ಗೇಟಿನಲ್ಲಿ ಹಳದಿ ಗಾಡಿ ಕಂಡು ಮುಖ ಬಿಗಿದುಕೊಂಡಳು.

"ನೀವು ಹೇಳಿದ ಮಾತು ಮೀರ್ಲಿಲ್ಲ," ಎಂದಳು ಜಯಲತಾ. "ಮಗುವನ್ನು ಕೂರಿಸ್ಲಿಲ್ಲ. ಈಗ್ಲೂ ಕೂರಿಸುವುದಿಲ್ಲ. ನಾನು ಕೂರ್ತೇನೆ. ನೀವು ಸುಮ್ಮನೆ ನೋಡಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾಮಿನಿಯ ಹಾಗೆಯೇ ಕಾಲು ಅಗಲಿಸಿ ಅವಳು ಗಾಡಿಯಲ್ಲಿ ಕೂತಳು. ಜಯಲತಾಳದು ಹಂಚಿಕಡ್ಡಿಯ ಮೈಯಲ್ಲ. ಬಾಲ್ಕನಿಗಳಲ್ಲಿ ಬಟ್ಟೆ ತೆಗೆಯುತ್ತಿದ್ದವರ ಕೈ ಅಲ್ಲಲ್ಲೇ ನಿಂತಿತು. ಧರ್ಮಪಾಲ ಹಿಡಿಕೆ ಹಿಡಿದು ಇಳಿಜಾರಿಗೆ ಇಳಿಸಿದ. ಗಾಡಿ ಗೆರೆ ಎಳೆದಂತೆ ಇಳಿಯಿತು. ಗಟಾರದ ಪಕ್ಕದಲ್ಲೇ ಬೇಕೆಂದೇ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಹಿಂದಿನ ಚಕ್ರಗಳು ಮುಂದಿನವುಗಳ ಬೆನ್ನು ಬಿಡಲಿಲ್ಲ. ಅಷ್ಟೂ ಹೊತ್ತು ಜಯಲತಾ ಗಂಟೆ ಬಾರಿಸುತ್ತಲೇ ಇದ್ದಳು. ಒಳಗೆ ಮಾತ್ರ ದೇವರೇ ಮಾನ ಕಾಪಾಡು ಎನ್ನುತ್ತಿದ್ದಳು.

ನಳಿನಿ ನಗಲಿಲ್ಲ. ಬಂದು ರಸ್ತೆಯಲ್ಲೇ ಮಂಡಿಯೂರಿ ಕೂತು, ಹಿಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ತಿರುಚಿ ನೋಡಿದಳು.

"ಇದು ತಿರುಗಲ್ವಾ?"

"ಇಲ್ಲ. ಅದು ತಿರುಗ್ಲಿಕ್ಕೇ ಇಲ್ಲ."

ನಳಿನಿ ಎದ್ದು ಒಳಗೆ ಹೋದಳು. ಚೀಲ ಎತ್ತಿಕೊಂಡು ಮನೆಗೆ ಹೊರಟಳೆಂದೇ ಜಯಲತಾ ತಿಳಿದಳು. ಹೊರಗೆ ಬಂದಾಗ ಅವಳ ತೋಳಿನಲ್ಲಿ ಯಾಮಿನಿ ಇದ್ದಳು. ತಾನೇ ಮಗಳನ್ನು ಗಾಡಿಯಲ್ಲಿ ಕೂರಿಸಿದಳು. ಅಗಲಿಸಿದ ಕಾಲುಗಳು ಅಂಚಿನೊಳಗೆ ಸರಿಯಾಗಿ ಕೂತವು.

ಇಳಿಜಾರನ್ನು ಧರ್ಮಪಾಲನೇ ದಾಟಿಸಿದ. ಸಮತಟ್ಟಾದ ಗಲ್ಲಿ ಬಂದ ಮೇಲೆ ಹಿಡಿಕೆಯನ್ನು ಮಡಚಿ ಯಾಮಿನಿಯ ಕೈಗೆ ಕೊಟ್ಟ. ಕೌಶಲ್ ಹಿಂದಿನಿಂದ ನೂಕಿದ. ನಳಿನಿ ಬಗ್ಗಿ, ಎರಡೂ ಕೈ ಚಾಚಿ, ಗಾಡಿಗೆ ಅಂಟಿಕೊಂಡೇ ನಡೆದಳು.

"ಅಮ್ಮ, ಕೈ ತೆಗಿ. ನಂಗೆ ರಸ್ತೆ ಕಾಣ್ಸಲ್ಲ," ಎಂದಳು ಯಾಮಿನಿ.

ನಳಿನಿಯ ಕೈ ಹಾಗೆಯೇ ಇತ್ತು. ಜಯಲತಾ ಅವಳ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದಳು. ಗಲ್ಲಿಯ ತಿರುವು ಬಂತು. ಯಾಮಿನಿ ನಾಲಿಗೆ ಕಚ್ಚಿಕೊಂಡು ಹಿಡಿಕೆಯನ್ನು ಪಕ್ಕಕ್ಕೆ ನೂಕಿದಳು. ಗಾಡಿ ಬಲಕ್ಕೆ ತಿರುಗಿತು. ಮಕ್ಕಳೆಲ್ಲ ಹೋ ಎಂದು ಅದರ ಹಿಂದೆ ಓಡಿದರು. ಮೂವರು ದೊಡ್ಡವರು ತಿರುವಿನಲ್ಲೇ ನಿಂತುಬಿಟ್ಟರು. ಇಷ್ಟು ಸಂತೋಷ ಜಯಲತಾಗೆ ಆಗಿ ಎಷ್ಟು ಕಾಲವಾಗಿತ್ತೋ.

ಗಾರ್ಡನ್ನಿನ ಬಾಗಿಲಿನಿಂದ ಯಾಮಿನಿಯ ಸಿಡಿಮಿಡಿಯ ದನಿ ಕೇಳಿಸಿತು.

"ಅಮ್ಮಾ, ಜಲ್ದಿ ಬಾ! ಎಷ್ಟು ನಿಧಾನ ನಡೀತೀಯ!"

ನಳಿನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು ಬ್ಯಾಗಿನಿಂದ ಮೊಬೈಲು ತೆಗೆದು, ನಡೆಯುತ್ತಲೇ ಮೈಸೂರಿಗೆ ಫೋನ್ ಹಚ್ಚಿದಳು.

"ಅಮ್ಮ, ದಸರೆಗೆ ನೀನು ಬಾ, ನಾಲ್ಕು ದಿನ ಇದ್ದು ಹೋಗು. ಯಾಮಿನಿ ನಿನ್ನ ಜೊತೆ ಬರಲ್ಲ. ಅವಳಿಗೆ ಪುರುಸೊತ್ತಿಲ್ಲ."