ಅಪ್ಪನ ರುಮಾಲು

"ಪೂರಾ ಬಿಚ್ರಿ," ಎಂದರು ಡಾಕ್ಟರ್ ರಾಜೇಶ್ವರಿ.

ಸೋಮು ಅಂಗಿ ತೆಗೆದು, ಎದೆಗೆ ಸುತ್ತಿದ್ದ ಬಿಳಿ ಬಟ್ಟೆಯ ತುದಿಯನ್ನು ಕಂಕುಳಿಂದ ಎಳೆದ. ತೀರಿಹೋದ ಅಪ್ಪ ರೇವಪ್ಪ ತಲೆಗೆ ಸುತ್ತುತ್ತಿದ್ದ ರುಮಾಲು ಅದು, ಬಿಚ್ಚಿದಷ್ಟೂ ಮುಗಿಯದು. ಹೆಣ್ಣಾಗಿ ಹುಟ್ಟಿ, ಹದಿನಾರರಲ್ಲೇ ತಾನು ಗಂಡಸೆಂದು ಹೊನವಾಡದ ಮನೆಯಲ್ಲಿ ಪಟ್ಟು ಹಿಡಿದು ಕೂತವನು ಸೋಮು. ಈಗ ಇಪ್ಪತ್ತೇಳು. ಇಂಜೆಕ್ಷನ್ನಿನಿಂದ ಗಡ್ಡ ಬಂದಿದೆ, ದನಿ ಒಡೆದಿದೆ, ಆಧಾರ ಕಾರ್ಡಿನಲ್ಲೂ ಸೋಮು ಎಂದೇ ಇದೆ. ಎದೆಯೊಂದು ಮಾತ್ರ ಮಾತು ಕೇಳಿರಲಿಲ್ಲ.

ಡಾಕ್ಟರು ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಅದು ಒಂದು ಗಳಿಗೆ ಹಾಗೇ ನಿಂತು, ಒಲ್ಲದ ಮನಸ್ಸಿನಿಂದ ಕೆಳಗಿಳಿಯಿತು.

"ಎಷ್ಟು ವರ್ಷ ಆತು, ಕಟ್ಟಾಕ ಹತ್ತಿ?"

"ಹನ್ನೊಂದ್ರಿ. ಮಕ್ಕೊಂಡಾಗೂ ಬಿಚ್ಚಂಗಿಲ್ರಿ."

ಡಾಕ್ಟರು ಕೈ ತೊಳೆದು ಬಂದು ಕೂತರು. "ಆಪರೇಶನ್ ಆಗತೈತಿ. ಆದ್ರ ನೀವು ಕೇಳಿದ ಸಣ್ಣ ಗಾಯದ್ದು ಆಗಂಗಿಲ್ಲ. ಚರ್ಮ ಸಡಲಾಗೇತಿ, ಒಳಗಿಂದು ತಗದ್ರ ತಾನ ಬಿಗಿ ಆಗೂದಿಲ್ಲ. ಹೆಚ್ಚಿಂದು ಕತ್ತರಿಸಿ ಹೊಲೀಬೇಕು. ಎರಡೂ ಕಡೆ ಉದ್ದ ಗೆರಿ ಉಳೀತಾವ. ಮತ್ತ ಇನ್ನ ಮೂರು ತಿಂಗಳು ಇದನ್ನ ಕಟ್ಟಬ್ಯಾಡ್ರಿ. ಕಟ್ಟಿ ಕಟ್ಟಿ ಹುಣ್ಣಾಗೇತಿ, ಅದು ಮಾಯಬೇಕು."

"ಇದನ್ನ ಕಟ್ಟಲಾರ್ದ ತ್ವಾಟಕ್ಕ ಹೆಂಗ ಹೋಗ್ಲಿರಿ?"

ಡಾಕ್ಟರು ದೊಗಲೆ ಅಂಗಿ ಹಾಕಿಕೊಳ್ಳಲು ಹೇಳಿದರು.

ಅವನು ದುಡಿಯುವ ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆದ ಮೇಲೆ ಗಂಡಾಳುಗಳೆಲ್ಲ ಅಂಗಿ ಬಿಸಾಕಿ ನೀರಿನ ತೊಟ್ಟಿಗೆ ಧುಮುಕುತ್ತಿದ್ದರು. ಸೋಮು ಮಾತ್ರ ಬೇವಿನ ಬುಡದಲ್ಲಿ ಬೆವರುತ್ತ ಕೂರುತ್ತಿದ್ದ. ಒಂದು ದಿನ, ಒಂದೂ ಗೆರೆಯಿಲ್ಲದ ಎದೆ ಬಿಟ್ಟುಕೊಂಡು ಅವರೊಳಗೊಬ್ಬನಾಗಿ ಇಳಿಯಬೇಕೆಂಬುದೇ ಅವನ ಆಸೆ. ಆ ಆಸೆಗೆ ಇವತ್ತು ಕತ್ತರಿ ಬಿದ್ದಿತ್ತು.

ಊರಿಗೆ ಮರಳುವ ಬಸ್ಸಿನಲ್ಲಿ, ಜೊತೆಗೆ ಬಂದಿದ್ದ ಅವ್ವ ಸಕ್ರವ್ವ ರುಮಾಲಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಿಕೋಟಾ ದಾಟಿದ ಮೇಲೆ ಬಾಯಿ ಬಿಟ್ಟಳು.

"ನಂದ ತಪ್ಪಾತು."

ಆಡು ಸಾಕಿ ಬದುಕಿದವಳು ಅವಳು. ಮರಿಗೆ ಹಾಲು ಬಿಡಿಸುವಾಗ ಆಡಿನ ಕೆಚ್ಚಲಿಗೆ ಚೀಲ ಕಟ್ಟಿದರೆ ಕೆಲವು ದಿನಕ್ಕೆ ಹಾಲು ಬತ್ತುತ್ತಿತ್ತು, ಕೆಚ್ಚಲು ಇಳಿಯುತ್ತಿತ್ತು.

"ಹಂಗ ಬತ್ತಿ ಹೋಗ್ತಾವ ಅಂತ ತಿಳದಿದ್ನೆಪಾ. ರುಮಾಲ ಹಸಿ ಮಾಡಿ ಕಟ್ಟಿದ್ನಿ, ಒಣಗಿದ ಮ್ಯಾಲ ಇನ್ನಟು ಬಿಗೀಲಿ ಅಂತ."

ಸೋಮುವಿಗೆ ಸಿಟ್ಟು ಬಂತು. ಹನ್ನೊಂದು ವರ್ಷ ದಿನಾ ಮುಂಜಾನೆ ಜಳಕವಾದ ಮೇಲೆ ಅವನು ಉಸಿರು ಹಿಡಿದು ನಿಲ್ಲುವುದು, ಅವಳು ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುವುದು. ಆದರೆ ಊರೆಲ್ಲ ನಕ್ಕಾಗ ಅವನ ಬೆನ್ನಿಗಿದ್ದದ್ದೂ ಅದೊಂದೇ ಮೊಣಕಾಲು. ಕಿಟಕಿಯತ್ತ ತಿರುಗಿ ಕೂತ. ಆಮೇಲೆ ಅವಳತ್ತ ಹೊರಳಿ ಹೇಳಿದ.

"ಇನ್ನಟು ಎಳಿ ಅಂತಿದ್ದವ ನಾನ ಅಲ್ಲೇನ ಬೇ. ಗೆರಿ ಬಿದ್ರ ಬೀಳ್ಲಿ, ಮಾಡಸ್ತೀನಿ."

"ಮತ್ತ ಮೂರು ತಿಂಗಳು?"

ಗೆರೆಗಿಂತ, ಕಟ್ಟದೆ ಕಳೆಯಬೇಕಾದ ಆ ಮೂರು ತಿಂಗಳೇ ಅವನಿಗೆ ದೊಡ್ಡದಾಗಿತ್ತು.

ಮರುದಿನ ಮುಂಜಾನೆ ರೂಢಿಯಂತೆ ಎದ್ದು, ಜಳಕ ಮುಗಿಸಿ, ಅವ್ವನಿಗೆ ಬೆನ್ನು ಮಾಡಿ, ಉಸಿರು ಹಿಡಿದು ನಿಂತುಬಿಟ್ಟಿದ್ದ. ಸಕ್ರವ್ವ ಒಗೆದು ಒಣಗಿಸಿದ ರುಮಾಲು ಹಿಡಿದುಕೊಂಡು ಬಂದಳು.

"ಅಂಗಿ ಹಾಕ್ಕೊಂಡು ಕುಂದ್ರು."

ಕೂತ. ಅವಳು ರೇವಪ್ಪನಿಗೆ ಸುತ್ತಿ ಕೊಡುತ್ತಿದ್ದ ಹಾಗೆಯೇ ಮಗನ ತಲೆಗೆ ರುಮಾಲು ಸುತ್ತತೊಡಗಿದಳು. ಹಣೆಗೂ ಬಟ್ಟೆಗೂ ನಡುವೆ ಬೆರಳು ಆಡಿಸಿ ನೋಡಿದಳು.

"ಬಿಗಿ ಆತೇನು?"

"ಇಲ್ಲ ಬೇ."

ಸುತ್ತಿ ಉಳಿದ ತುದಿಯ ಚುಂಗನ್ನು ಮುಂದಕ್ಕೆಳೆದು, ಎದೆ ಮುಚ್ಚುವ ಹಾಗೆ ಇಳಿಬಿಟ್ಟಳು. ಸೋಮು ಬುತ್ತಿ ಎತ್ತಿಕೊಂಡು ಹೊರಟ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ. ಚುಂಗನ್ನು ಹೆಗಲ ಹಿಂದಕ್ಕೆ ಹಾಕಿಕೊಂಡು ಬೀದಿಗಿಳಿದ.