ಇಪ್ಪತ್ತೊಂದು ಸಾವಿರದ ಇಪ್ಪತ್ತೇಳು

ಅಡುಗೆಕೋಣೆಯಿಂದ ಸೇವಂತಿಯ ಸ್ವರ, ಚಾ ಆಗಿದೆ, ಬನ್ನಿ, ಚಾ ಆಗಿದೆ, ಚಾ ಎಲ್ಲಿಯೂ ಆಗಿಲ್ಲ, ಮಾಯಿಲಪ್ಪನಿಗೆ ಗೊತ್ತು, ಹೆಂಡತಿ ಹೇಳುತ್ತಿರುವುದು ಮೊಬೈಲಿಗೆ — ನಾಳೆ ಅವಳ ಗಂಟಲಿನ ಆಪರೇಷನ್, ಆಮೇಲೆ ಸ್ವರ ಇಲ್ಲ, ದಿನಾ ಆಡುವ ಮಾತನ್ನೆಲ್ಲ ಈಗಲೇ ರೆಕಾರ್ಡ್ ಮಾಡಿಡಿ ಅಂದಿದ್ದಾರೆ ಡಾಕ್ಟರು, ಬೇಕಾದಾಗ ಒತ್ತಿ ಕೇಳಿಸಬಹುದಂತೆ, ಬೈಗುಳವನ್ನೂ ಯಾಕೆ ತುಂಬಿಸುತ್ತೀ ಎಂದು ಬೆಳಿಗ್ಗೆ ರೇಗಿದರೆ, ಮತ್ತೆ, ನಾಳೆಯಿಂದ ನಿಮಗೆ ಬೈಯದೆ ಬಿಡುದಾ ಎಂದಳು. ಮೊಬೈಲಿನಲ್ಲಿ ಜಾಗ ಮುಗಿಯುತ್ತ ಬಂದಿದೆ, ಲ್ಯಾಪ್‌ಟಾಪಿಗೆ ಇಳಿಸದೆ ಹೆಚ್ಚು ಹೊತ್ತು ನಡೆಯದು, ಈ ದರಿದ್ರ ಲ್ಯಾಪ್‌ಟಾಪು ಅವಳ ಮೊಬೈಲನ್ನು ಹತ್ತಿರ ಬಿಡುತ್ತಿಲ್ಲ, ಬಿಡುವುದು ಹೇಗೆ, ಪಕ್ಕದ ಮನೆಯವರು ವೈಫೈ ಕದ್ದರೆಂದು ಹಾರಾಡಿ, ಹೊರಗಿನಿಂದ ಒಂದು ನೊಣ ಒಳಗೆ ಬರಬಾರದೆಂದು ಫೈರ್‌ವಾಲ್ ಬಿಗಿಸಿದವನು ತಾನೇ, ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟ ಕಬಕದ ರಮೀಝ್ ಅವತ್ತೇ ಹೇಳಿದ್ದ, ಅಷ್ಟೆಲ್ಲ ಬೇಡ ಮಾಯಿಲಪ್ಪಣ್ಣ, ನಿಮ್ಮವರೇ ಹೊರಗೆ ಉಳಿತಾರೆ. ಈಗ ಫೋನಿನಲ್ಲಿ ಅದೇ ರಮೀಝ್, ಫೈರ್‌ವಾಲಿನ ಬಾಗಿಲು, ಇಪ್ಪತ್ತೆರಡು ಸಾವಿರ ನಂಬರಿನ ಪೋರ್ಟ್, ತೆರೆದ್ರಾ, ತೆರೆದೆ ಮಾರಾಯ, ಫೈಲ್ ಬರುದು ಅದರಲ್ಲಿ ಅಂತ ನೀನೇ ಹೇಳಿದ್ದು, ಎಂತದೂ ಬರುದಿಲ್ಲ, ಇನ್ನೊಂದು ಬಾಗಿಲು ಉಂಟಣ್ಣ, ಇಪ್ಪತ್ತೊಂದು ಸಾವಿರದ ಇಪ್ಪತ್ತೇಳು, ಮೊಬೈಲು ಆಗಾಗ ಕೂಗ್ತದೆ, ನಾನಿಲ್ಲಿದ್ದೇನೆ ಅಂತ, ಅದು ನಿಮ್ಮ ಲ್ಯಾಪ್‌ಟಾಪಿಗೆ ಕೇಳುದಿಲ್ಲ.

ಕೂಗುತ್ತದೆ — ದಿನಾ ಚಾದ ಹೊತ್ತಿಗೆ ಜಗಲಿಯ ತುದಿಯಲ್ಲಿ ಸೇವಂತಿ, ಬಾಯಿಯ ಪಕ್ಕ ಕೈ ಅಡ್ಡ ಹಿಡಿದು, ಓಯ್, ಎಲ್ಲಿದ್ದೀರಿ, ಕೆಳಗೆ ಪಂಪಿನ ಶೆಡ್ಡಿನಲ್ಲಿ ಇವನು, ಬಾಯಿ ತೆರೆದು ಓಗೊಟ್ಟವನೇ ಅಲ್ಲ, ಸ್ಪ್ಯಾನರಿನಿಂದ ಪೈಪಿಗೆ ಎರಡು ಏಟು, ಟಣ್ ಟಣ್, ಅದು ಕೇಳುವವರೆಗೆ ಅವಳು ಕೈ ಇಳಿಸುವುದಿಲ್ಲ, ಕೇಳಿದರೆ ಸಾಕು, ಒಳಗೆ ಹೋಗಿ ಬಟ್ಟಲು ಇಡುತ್ತಾಳೆ, ಮದುವೆಯಾದಾಗಿನಿಂದ ಹೀಗೇ, ಇನ್ನು ಯಾರು ಕೂಗುವುದು, ಯಾರಿಗೆ ಬಡಿಯುವುದು — ಅಣ್ಣ, ಇದ್ದೀರಾ, ಇದ್ದೇನೆ, ಹೇಳು. ಇಪ್ಪತ್ತೊಂದು ಸಾವಿರದ ಇಪ್ಪತ್ತೇಳನ್ನೂ ತೆರೆ, ಮನೆಯ ವೈಫೈಯಿಂದ ಬಂದರೆ ಮಾತ್ರ ಎಂದು ಸೇರಿಸಿ ಬರೆಯುತ್ತಾನೆ, ಒಂದೊಂದೇ ಅಕ್ಷರ, ದಪ್ಪ ಬೆರಳು, ಎಂಟರ್, ಪರದೆಯಲ್ಲಿ ಕೆಂಪು ಹೋಗಿ ಹಸಿರು, ಇಳಿಯುತ್ತಿದೆ, ಚಾ, ಬೈಗುಳ, ಕೋಳಿಗಳನ್ನು ಕರೆಯುವುದು, ಎಲ್ಲ ಬಂತು ರಮೀಝ್, ಇಡುತ್ತೇನೆ. ಕೊನೆಯದನ್ನು ಒತ್ತುತ್ತಾನೆ, ಓಯ್, ಎಲ್ಲಿದ್ದೀರಿ, ಆಮೇಲೆ ಮಾತಿಲ್ಲ, ಕೆಟ್ಟುಹೋಯಿತೋ ಎಂದು ನೋಡಿದರೆ ಇನ್ನೂ ಓಡುತ್ತಿದೆ, ಅವಳ ಉಸಿರು, ದೂರದಲ್ಲೊಂದು ಕೋಳಿ, ಬೇಕೆಂದೇ ಬಿಟ್ಟಿದ್ದಾಳೆ, ಜಾಗವಿಲ್ಲದ ಮೊಬೈಲಿನಲ್ಲಿ ಇಷ್ಟು ಜಾಗ, ಅವನ ಎರಡು ಏಟಿಗೆಂದು — ಸ್ಪ್ಯಾನರ್ ಇಲ್ಲಿಲ್ಲ, ಬೆರಳ ಗಂಟಿನಿಂದ ಮೇಜಿಗೆ, ಟಕ್, ಟಕ್, ಅಡುಗೆಕೋಣೆಯ ಸ್ವರ ತಟ್ಟನೆ ನಿಂತಿತು, ಅವನ ಕಣ್ಣೆದುರು ಜಗಲಿಯ ತುದಿ, ಕೈ ಇನ್ನೂ ಇಳಿದಿಲ್ಲ, ಬಾಯಿಯ ಪಕ್ಕ ಅಡ್ಡ ಹಿಡಿದ ಕೈ, ಆ ಕೈ ಈಗ ಮೆಲ್ಲನೆ ಇಳಿಯುತ್ತದೆ.