ಕಂಟ್ರೋಲರಿನ ಬ್ಯಾಟರಿ

ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಸರ್ವರ್ ಕೋಣೆ ನೋಡಿಕೊಳ್ಳುತ್ತಿದ್ದ ವರ್ಷಿಣಿಗೆ ಹದಿನೈದು ದಿನದಿಂದ ಬೈಸಿಕೊಂಡು ಸಾಕಾಗಿತ್ತು. ಇಡೀ ಕಾರ್ಖಾನೆಯ ಮಾಹಿತಿಯನ್ನು ಇಟ್ಟುಕೊಂಡಿದ್ದ ಸ್ಟೋರೇಜ್ ಯಂತ್ರದಲ್ಲಿ ಡಿಸ್ಕುಗಳನ್ನು ನಡೆಸುವ ಕಂಟ್ರೋಲರುಗಳು ಎರಡು. ಅವುಗಳಲ್ಲಿ ಒಂದರ ಬ್ಯಾಟರಿ ಸತ್ತಿತ್ತು. ಕರೆಂಟು ಹೋದರೆ ಮಾಹಿತಿ ಕಳೆದುಹೋದೀತೆಂದು ಯಂತ್ರ ತಾನಾಗಿಯೇ ನಿಧಾನವಾಗಿಬಿಟ್ಟಿತ್ತು.

ಸ್ಟೋರ್ಸಿನ ಚಿಕ್ಕಣ್ಣನವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. "ಒಂದು ಗೇಟ್‌ಪಾಸ್ ಕಂಪ್ಯೂಟರಿಂದ ಬರೋಷ್ಟರಲ್ಲಿ ಲಾರಿಯವನು ಊಟ ಮುಗಿಸ್ಕೊಂಡು ಬಂದ್ಬುಡ್ತಾನೆ ಕಣಮ್ಮ."

ಯಂತ್ರ ಮಾರಿದ ಕಂಪನಿಯವರು ಬ್ಯಾಟರಿ ಕೆಟ್ಟಿರುವ ಬಗ್ಗೆ ಒಂದೇ ವರದಿಯನ್ನು ಅವಳಿಂದ ಐದು ಬಾರಿ ತರಿಸಿಕೊಂಡು, ಕೊನೆಗೆ ಹೊಸ ಕಂಟ್ರೋಲರ್ ಕಳಿಸಿದರು. ಬಿಚ್ಚಿ ನೋಡಿದರೆ ಬ್ಯಾಟರಿಯ ಜಾಗ ಖಾಲಿ.

"ಬ್ಯಾಟರೀನ ವಿಮಾನದಲ್ಲಿ ಕಳಿಸೋ ಹಾಗಿಲ್ಲ ಮೇಡಂ, ರೋಡಲ್ಲೇ ಬರ್ಬೇಕು," ಎಂದ ಕಂಪನಿಯವನು.

"ನಾನು ಕೇಳಿದ್ದೇ ಬ್ಯಾಟರಿ ಕಣ್ರೀ. ಕಂಟ್ರೋಲರ್ ಚೆನ್ನಾಗೇ ಇತ್ತು."

ಅವನು ಆರನೆಯ ಬಾರಿ ವರದಿ ಕೇಳಿದ. ವರ್ಷಿಣಿ ಫೋನ್ ಇಟ್ಟಳು.

ವಾರ ಕಳೆದ ಮೇಲೆ ಬ್ಯಾಟರಿ ಕೊರಿಯರ್‌ನವರ ಗೋದಾಮಿಗೆ ಬಂದಿರುವುದು ತಿಳಿಯಿತು. ನಾಳಿದ್ದು ತಲುಪಿಸುತ್ತೇವೆ ಎಂದರು. ಅವಳು ಕಾಯಲಿಲ್ಲ, ಸಿಟಿ ಬಸ್ಸು ಹತ್ತಿ ಹೋಗಿ ತಾನೇ ತಂದಳು. ಇನ್ನೊಂದು ಕಂಟ್ರೋಲರ್ ಕೆಲಸ ನಡೆಸುತ್ತಿರುವಾಗಲೇ ಬ್ಯಾಟರಿ ಸತ್ತಿದ್ದ ಕಂಟ್ರೋಲರನ್ನು ಹೊರಗೆಳೆದು, ಹೊಸ ಬ್ಯಾಟರಿ ಕೂರಿಸಿ, ಮತ್ತೆ ಒಳಗೆ ತಳ್ಳಿದಳು. ಅದು ಚಾರ್ಜ್ ಆಗುತ್ತಿದ್ದಂತೆ ಯಂತ್ರ ಮೊದಲಿನ ವೇಗಕ್ಕೆ ಬಂತು.

ಕೈಯೊರೆಸಿಕೊಳ್ಳುತ್ತ ನಿಂತವಳಿಗೆ ಸಂತೋಷವೇನೂ ಆಗಲಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಮೂರು ವಾರ ಹೋಯಿತಲ್ಲ ಎಂಬ ಸಿಟ್ಟು ಇನ್ನೂ ಇಳಿದಿರಲಿಲ್ಲ.